ಗೀಟಿಲ್ಲದ ಬಾಗಿಲು

ನನಗೆ ಲೆಕ್ಕದ ಸೊಕ್ಕು ಇತ್ತು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಎಂಬತ್ತೈದನೆಯ ಇಸವಿಯಲ್ಲಿ ಕುಂದಗೋಳ ತಾಲೂಕಿನ ಆ ಹಳ್ಳಿಯ ಶಾಲೆಗೆ ಅಕ್ಕೋರಾಗಿ ಹೋದಾಗ ನನಗೆ ಇಪ್ಪತ್ತಾರು ವರ್ಷ. ಹುಟ್ಟಿ ಬೆಳೆದದ್ದು ಅಣ್ಣಿಗೇರಿಯಲ್ಲಿ. ಗಣಿತದಲ್ಲಿ ನೂರಕ್ಕೆ ತೊಂಬತ್ತಾರು ತೆಗೆದವಳು, ಉಳಿದ ನಾಲ್ಕು ಯಾಕೆ ಹೋದವು ಎಂದು ಆಗಲೂ ಸಿಟ್ಟಿತ್ತು.

ಯರಗುಪ್ಪಿ ದಾಟಿ ಬಸ್ಸಿಳಿದು ಅರ್ಧ ತಾಸು ನಡೆದರೆ ಆ ಊರು. ಮಳೆ ಬಿದ್ದರೆ ಎರೆಮಣ್ಣು ಚಪ್ಪಲಿಯನ್ನು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಊರು ಎಂದರೆ ಒಂದೇ ಒಂದು ಉದ್ದನೆಯ ಓಣಿ. ಮೇಲಿನ ತುದಿಗೆ ಕೆರೆ, ಕೆಳಗಿನ ತುದಿಗೆ ಹಳ್ಳ, ನಡುವೆ ಅರವತ್ತು ಮನೆ. ಹಳ್ಳದ ನೀರು ಸವುಳು, ಬಟ್ಟೆ ಒಗೆಯುವುದಕ್ಕಷ್ಟೇ ಬರುತ್ತಿತ್ತು. ಕುಡಿಯಲು, ಅಡುಗೆಗೆ, ಮೈತೊಳೆಯಲು ಎಲ್ಲರೂ ಕೆರೆಗೇ ಹೋಗಬೇಕು. ಕೊಡ ಹೊತ್ತು ಓಣಿ ಇಳಿಯುವ ಹೆಂಗಸರ ಸಾಲು ನಸುಕಿನಲ್ಲಿ ಶುರುವಾದರೆ ಶಾಲೆಯ ಗಂಟೆ ಹೊಡೆಯುವವರೆಗೂ ಮುಗಿಯುತ್ತಿರಲಿಲ್ಲ.

ನಾನು ಪಂಚಾಯ್ತಿ ಚೇರಮನ್ ಶಂಕ್ರಪ್ಪನವರ ಮನೆಯ ಮುಂದಿನ ಕೋಣೆಯಲ್ಲಿದ್ದೆ. ಅವರ ಹೆಂಡತಿ ಶಾರದವ್ವ ನನಗೆ ಬಾಡಿಗೆದಾರಳು ಎಂಬ ಮರ್ಯಾದೆಯನ್ನು ಒಂದು ದಿನವೂ ಕೊಡಲಿಲ್ಲ. ಉಣ್ಣದೆ ಮಲಗಿದರೆ ಬಾಗಿಲು ಬಡಿದು ಬೈಯುತ್ತಿದ್ದಳು. ಅಂಥ ಬೈಗುಳ ಆಮೇಲೆ ನನಗೆ ಎಲ್ಲಿಯೂ ಸಿಕ್ಕಿಲ್ಲ.

ಆ ಶ್ರಾವಣದಲ್ಲಿ ಊರಿಗೆ ಪೈಪು ಬಂತು. ದಿನ್ನೆಯ ಮೇಲೆ ನೀರಿನ ಟಾಕಿ ಎದ್ದು, ಓಣಿಯ ಉದ್ದಕ್ಕೂ ಪೈಪು ಹಾಯ್ದಿತ್ತು. ಆದರೆ ಸದ್ಯಕ್ಕೆ ಮಂಜೂರಾದದ್ದು ಒಂದೇ ನಳ. ಅದನ್ನು ಯಾರ ಮನೆಯ ಮುಂದೆ ನಿಲ್ಲಿಸಬೇಕು ಎಂಬುದಕ್ಕೆ ಹದಿನೈದು ದಿನ ಜಗಳವಾಯಿತು. ತಗ್ಗು ತೋಡುವ ಕೆಲಸ ಹಿಡಿದಿದ್ದ ಇಸ್ಮಾಯಿಲಸಾಬ ಸಲಿಕೆ ಊರಿಕೊಂಡು ಕಾಯ್ದು ಕಾಯ್ದು ಬೇಸತ್ತು, "ಓಣಿ ನಟ್ಟನಡುವ ಬೇವಿನ ಗಿಡ ಐತಿ. ಅದರ ಬುಡಕ್ಕ ಹಾಕ್ರಿ, ಮುಗೀತ" ಎಂದ.

ಶಂಕ್ರಪ್ಪ ನನ್ನ ಕಡೆ ತಿರುಗಿದರು. "ನಾ ಎಲ್ಲಿ ಅಂದ್ರೂ ನನ್ನ ಬೈತಾರ. ನೀವು ಲೆಕ್ಕದಾಗ ಶ್ಯಾಣ್ಯಾರು ಅದೀರಿ ಅಕ್ಕೋರ, ನೀವ ಹೇಳ್ರಿ. ಲೆಕ್ಕಕ್ಕ ಯಾರೂ ಬೈಯೂದಿಲ್ಲ."

ಕೇಳುವುದೇ ತಡ, ನಾನು ಸೊಂಟಕ್ಕೆ ಸೆರಗು ಸಿಗಿಸಿದೆ. ಇಸ್ಮಾಯಿಲಸಾಬನಿಗೆ ಮೊದಲು ಪಾಠವಾಯಿತು. ಓಣಿಯ ನಡುವೆ ಇಟ್ಟರೆ ನ್ಯಾಯವಲ್ಲ, ಕೊಡಗಳ ನಡುವೆ ಇಡಬೇಕು ಎಂದೆ. ಕಟ್ಟೆಯ ಮೇಲೆ ಹುಣಸೆಬೀಜ ಸಾಲಾಗಿ ಇಟ್ಟು ತೋರಿಸಿದೆ. "ನಳಾನ ಒಂದು ಮನಿಯಷ್ಟು ಕೆಳಗ ಸರಿಸಿದ್ರ ಕೆಳಗಿನ ಒಂದೊಂದು ಕೊಡಕ್ಕೂ ಒಂದು ಮನಿಯಷ್ಟು ನಡಿಗಿ ಉಳೀತದ, ಮ್ಯಾಲಿನ ಒಂದೊಂದು ಕೊಡಕ್ಕೂ ಅಷ್ಟ ಹೆಚ್ಚಾಗತದ. ಕೆಳಗಿನ ಕೊಡ ಹೆಚ್ಚಿದ್ರ ಕೆಳಗ ಸರೀಬೇಕು, ಮ್ಯಾಲಿನವು ಹೆಚ್ಚಿದ್ರ ಮ್ಯಾಲ. ಎರಡೂ ಕಡೆ ಸರಿಸಮ ಆದಲ್ಲಿ ನಿಲ್ಲಬೇಕು. ಊರ ಹೆಣ್ಣಮಕ್ಕಳೆಲ್ಲಾ ನಡಿಯೂದು ಒಟ್ಟು ಕೂಡಿಸಿದ್ರ ಅಲ್ಲೇ ಎಲ್ಲಕ್ಕಿಂತ ಕಡಿಮಿ."

ಹೆಂಗಸರಿಗೆ ಇದು ತಟ್ಟನೆ ತಿಳಿಯಿತು. ತಲೆಯ ಮೇಲೆ ಹೊರುವವರಿಗೆ ತಿಳಿಯದೆ ಇನ್ನಾರಿಗೆ ತಿಳಿದೀತು?

ಆ ಊರಿನಲ್ಲಿ ಏನೇ ಎಣಿಸಬೇಕಾದರೂ ಬಾಗಿಲ ಬಾಜು ಗೋಡೆಗೆ ಸುಣ್ಣದ ಗೀಟು ಎಳೆಯುತ್ತಿದ್ದರು. ಹಾಲಿನ ಸೇರು, ಬೀಸಲು ಕೊಟ್ಟ ಜೋಳ, ಎಮ್ಮೆ ಗಬ್ಬವಾದ ತಿಂಗಳು, ಎಲ್ಲದಕ್ಕೂ ಗೀಟು. ನಾನು ಅದನ್ನೇ ಹಿಡಿದೆ. ಬರುವ ಗುರುವಾರ ಮನೆಗೆ ತಂದ ಒಂದೊಂದು ಕೊಡಕ್ಕೆ ಒಂದೊಂದು ಗೀಟು ಎಳೆಯಿರಿ, ಸಂಜೆ ನಾನು ಬಂದು ಬರೆದುಕೊಳ್ಳುತ್ತೇನೆ ಎಂದು ಸಾರಿಸಿದೆ.

ಗುರುವಾರ ಸಂಜೆ ವಹಿ ಹಿಡಿದು ಹೊರಟೆ. ಆರನೆಯ ಮನೆಯ ಗೋಡೆಯ ಮೇಲೆ ಇಪ್ಪತ್ಮೂರು ಗೀಟು. ಒಳಗೆ ಹೋಗಿ ನೋಡಿದರೆ ಹಂಡೆ, ಕೊಡ, ಗಡಿಗೆ ಎಲ್ಲ ತುಂಬಿಸಿದರೂ ಹತ್ತಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಕೇಳಿದರೆ, "ರೇಶನ್ ಕಾರ್ಡಿನಂಗ ಗೀಟ ಇದ್ದಷ್ಟ ನೀರ ಕೊಡ್ತಾರ ಅಂದ್ರಲ್ರಿ" ಎಂದು ಆಕೆ ಅಮಾಯಕಳ ಹಾಗೆ ನಿಂತಳು. ಸೆರಗು ಒದ್ದೆ ಮಾಡಿ ಹದಿಮೂರು ಗೀಟು ನಾನೇ ಒರೆಸಿದೆ. ನನ್ನ ಕಣ್ಣು ತಪ್ಪಿಸುವುದು ಸುಲಭವಲ್ಲ ಎಂದು ಬೀಗುತ್ತ ಓಣಿ ಇಳಿದೆ.

ಐವತ್ತೆಂಟನೆಯ ಮನೆ ಕೆಂಚವ್ವನದು. ಐವತ್ತೈದರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು ಮೈಲಾರವ್ವನನ್ನು ಹಿಂದಿನ ವರ್ಷವಷ್ಟೇ ಕಲಘಟಗಿ ಕಡೆಯ ಹಳ್ಳಿಗೆ ಕೊಟ್ಟಿದ್ದಳು. ಕೆಂಚವ್ವನ ಮೊಣಕಾಲು ಎರಡೂ ಬಾತುಕೊಂಡು, ಗೋಡೆ ಹಿಡಿದು ಏಳುತ್ತಿದ್ದಳು. ಹೊಸ್ತಿಲ ಮೇಲೆ ಕೂತಿದ್ದಳು. ಗೋಡೆ ಖಾಲಿ.

"ಯಾಕ ಕೆಂಚವ್ವ, ಗೀಟ ಎಲ್ಲಿ ಬೇ?"

"ನಾ ನೀರ ತಂದಿಲ್ರಿ ಅಕ್ಕೋರ."

"ಒಂದ ಕೊಡಾನೂ?"

"ಇಲ್ರಿ."

ಇಪ್ಪತ್ಮೂರು ಗೀಟಿನ ಸುಳ್ಳು ನೋಡಿ ಬಂದಿದ್ದ ನನಗೆ ಆ ಖಾಲಿ ಗೋಡೆ ಬಹಳ ಹಿಡಿಸಿತು. "ನಿನ್ನಂಗ ಖರೇ ಹೇಳವ್ರು ಇಲ್ಲ ನೋಡು" ಎಂದು ಹೊಗಳಿ, ಅವಳ ಹೆಸರಿನ ಮುಂದೆ ದುಂಡಗೆ ಸೊನ್ನೆ ಬರೆದು ಮುಂದೆ ಹೋದೆ. ಅವಳು ನಕ್ಕಳು. ಆ ನಗೆಯನ್ನು ನಾನು ಆಗ ಸರಿಯಾಗಿ ನೋಡಿರಲಿಲ್ಲ.

ಒಟ್ಟು ಮುನ್ನೂರ ಅರವತ್ತೆರಡು ಕೊಡ. ಕೆರೆಯ ಕಡೆಯಿಂದ ಎಣಿಸುತ್ತ ಬಂದರೆ ಮೊದಲ ಇಪ್ಪತ್ತು ಮನೆಗೇ ನೂರ ಎಂಬತ್ತು. ಅರ್ಧ ಬಂದು ಬಿದ್ದದ್ದು ಇಪ್ಪತ್ತೊಂದನೆಯ ಮನೆಯ ಮುಂದೆ. ಇಪ್ಪತ್ತೊಂದನೆಯ ಮನೆ ಶಂಕ್ರಪ್ಪನವರದು.

ಊರು ಗೊಳ್ಳೆಂದು ನಕ್ಕಿತು. "ಅಕ್ಕೋರು ಉಂಡ ಮನಿ ಲೆಕ್ಕ ಮಾಡ್ಯಾರ" ಎಂದರು. ನನಗೆ ಮೈಯೆಲ್ಲ ಉರಿಯಿತು. ವಹಿಯನ್ನು ಕಟ್ಟೆಯ ಮೇಲೆ ಬಡಿದು, ಯಾರಿಗೆ ಬೇಕೋ ಅವರು ಕೂಡಿಸಿ ನೋಡಿ, ಒಂದು ಕೊಡ ತಪ್ಪಿದ್ದರೆ ನೌಕರಿ ಬಿಟ್ಟು ಅಣ್ಣಿಗೇರಿಗೆ ಹೋಗುತ್ತೇನೆ ಎಂದೆ. ಏಳನೆಯ ತರಗತಿ ಓದಿದ ನಾಲ್ಕು ಮಂದಿ ಕೂಡಿಸಿದರು. ತಪ್ಪಿರಲಿಲ್ಲ. ಮರುದಿನ ಇಸ್ಮಾಯಿಲಸಾಬ ಶಂಕ್ರಪ್ಪನವರ ಮನೆಯ ಮುಂದೆ ತಗ್ಗು ತೋಡಿದ. ಶಾರದವ್ವ ಅದಕ್ಕೆ ಅರಿಷಿಣ ಕುಂಕುಮ ಏರಿಸಿ, ನನಗೆ ಹೋಳಿಗೆ ಮಾಡಿ ಹಾಕಿದಳು.

ಮುಂದಿನ ಮಂಗಳವಾರ ಮಧ್ಯಾಹ್ನದ ಬಿಡುವಿನಲ್ಲಿ ಕೆಂಚವ್ವ ಶಾಲೆಗೆ ಬಂದಳು. ಓಣಿಯ ತುದಿಯಿಂದ ಅಲ್ಲಿಗೆ ಬರಲು ಒಂದು ತಾಸು ಹಿಡಿದಿತ್ತಂತೆ. ಸೆರಗಿನ ಗಂಟಿನಿಂದ ಒಂದು ಅಂಚೆ ಕಾರ್ಡು ತೆಗೆದಳು.

"ಮಗಳಿಗೆ ನಾಕ ಅಕ್ಷರ ಬರದ ಕೊಡ್ರಿ ಅಕ್ಕೋರ. ಅಕಿಗೆ ಈಗ ಐದು ತಿಂಗಳ."

"ಛಲೋ ಆತಲ್ಲ! ಏನಂತ ಬರೀಲಿ?"

"ಬರಬ್ಯಾಡ ಅಂತ ಬರೀರಿ. ಬಾಣಂತನ ಅಲ್ಲೇ ಆಗಲಿ ಅಂತ."

ನನ್ನ ಪೆನ್ನು ನಿಂತಿತು. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ಮಗಳನ್ನು ತವರಿಗೆ ಕರೆತರುವುದು, ಚೊಚ್ಚಲ ಬಾಣಂತನವನ್ನು ತಾಯಿಯೇ ಮಾಡುವುದು ನಮ್ಮ ಕಡೆ ಯಾವ ಬಡವಳೂ ತಪ್ಪಿಸುವುದಿಲ್ಲ. ತಪ್ಪಿಸಿದರೆ ಮಗಳು ಅತ್ತೆಯ ಮನೆಯಲ್ಲಿ ಸಾಯುವತನಕ ಆ ಮಾತು ಕೇಳಬೇಕು. ನನಗೆ ಸಿಟ್ಟು ಬಂತು. ಎಂಥ ತಾಯಿ ನೀನು ಎಂದು ಜೋರು ಮಾಡಿಯೇಬಿಟ್ಟೆ.

ಅವಳು ಬೆಂಚಿನ ಅಂಚು ಸವರುತ್ತ ಕೂತಳು. "ನೀರಿಲ್ರಿ ಅಕ್ಕೋರ. ಬಾಣಂತಿಗೆ, ಕೂಸಿಗೆ ದಿನಾ ಎಂಟು ಕೊಡ ಬೇಕು. ಬಿಸಿನೀರ ಹಾಕದ ಬಾಣಂತನ ಹ್ಯಾಂಗ ಮಾಡ್ಲಿ? ನನ್ನ ಕಾಲಿಗೆ ಕೆರಿ ಮುಟ್ಟೂದು ಆಗೂದಿಲ್ಲ. ಮಗಳ ಮದುವಿ ಆದಾಗಿಂದ ಬಾಜೂ ಮನಿ ಜರೀನಾಬಿ ಮುಂಜಾನಿ ಒಂದು ತಂಬಿಗಿ, ಸಂಜಿಗೆ ಒಂದು ತಂಬಿಗಿ ಕೊಡ್ತಾಳ. ಅದರಾಗ ನಂದ ನಡೀತದ. ಅಕಿನೂ ಕೆರಿಯಿಂದ ಹೊತ್ತ ತಂದ ನೀರು, ಇನ್ನಷ್ಟ ಹ್ಯಾಂಗ ಕೇಳ್ಲಿ?"

"ಮತ್ತ ನಾ ಅವತ್ತ ನಿಮ್ಮನಿಗೆ ಸೊನ್ನಿ ಬರದೆ..."

"ಖರೇನ ಬರದೀರಿ. ನೀವು ತಂದ ಕೊಡ ಕೇಳಿದ್ರಿ. ನಾ ತಂದಿಲ್ಲ."

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಂಜೆ ಬರೆದು ಹಾಕುತ್ತೇನೆ ಎಂದು ಸುಳ್ಳು ಹೇಳಿ ಕಾರ್ಡು ಇಟ್ಟುಕೊಂಡು, ಅವಳನ್ನು ಕಳಿಸಿ ವಹಿ ಬಿಚ್ಚಿದೆ.

ಈಗ ಕಾಣಿಸಿತು. ಕೆರೆಯ ಬಾಜುವಿನ ಮನೆಗಳಿಗೆ ಹತ್ತು ಗೀಟು, ಒಂಬತ್ತು ಗೀಟು. ಓಣಿ ಇಳಿದಂತೆ ಆರು, ಐದು, ನಾಲ್ಕು. ತುದಿಗೆ ಮೂರು, ಎರಡು. ಅವುಗಳ ನಡುವೆ ಒಂದು ಸೊನ್ನೆ. ಕೆಳಗಿನವರಿಗೆ ನೀರಡಿಕೆ ಕಡಿಮೆ ಇತ್ತೇ? ಇಲ್ಲ, ಅವರಿಗೆ ಕೆರೆ ದೂರ ಇತ್ತು. ದೂರವೆಂದು ಕಡಿಮೆ ತಂದರು. ಕಡಿಮೆ ತಂದರೆಂದು ನಾನು ನಳವನ್ನು ಅವರಿಂದ ಮತ್ತೂ ದೂರ ಎಳೆದು, ಕೆರೆಯ ಹತ್ತಿರ ಇರುವವರಿಗೇ ಕೊಟ್ಟಿದ್ದೆ. ಹದಿಮೂರು ಸುಳ್ಳು ಗೀಟು ಹಿಡಿದ ನನ್ನ ಕಣ್ಣಿಗೆ ಇದು ಬೀಳಲಿಲ್ಲ. ಆ ಖಾಲಿ ತರಗತಿಯಲ್ಲಿ ಕೂತು ಅತ್ತೆ. ನಾಚಿಕೆಯಿಂದಲೇ ಅತ್ತೆ, ಬೇರೆ ಕಾರಣವಿರಲಿಲ್ಲ.

ಸಂಜೆ ಮನೆಗೆ ಹೋಗಿ ಗಂಡಹೆಂಡಿರ ಮುಂದೆ ನಿಂತು ಎಲ್ಲ ಹೇಳಿದೆ. ಶಂಕ್ರಪ್ಪ ಹಣೆ ಒರೆಸಿಕೊಂಡರು. "ಲೆಕ್ಕಾನೂ ತಪ್ಪತದೇನ್ರಿ ಅಕ್ಕೋರ?"

"ಲೆಕ್ಕ ತಪ್ಪಿಲ್ರಿ. ನಾ ಕೇಳಿದ್ದ ತಪ್ಪು. ಎಷ್ಟು ತಂದ್ರಿ ಅಂತ ಕೇಳಿದೆ, ಎಷ್ಟು ಬೇಕು ಅಂತ ಕೇಳ್ಲಿಲ್ಲ."

ಶಾರದವ್ವ ಸೆರಗು ಕೊಡವಿ ಎದ್ದಳು. ಒಳಗೆ ಹೋದಳು. ಆ ದಿನ ನನ್ನನ್ನು ಊಟಕ್ಕೆ ಕರೆಯಲಿಲ್ಲ, ಮರುದಿನವೂ ಇಲ್ಲ. ಮನೆಯ ಮುಂದೆ ಬಂದ ನಳವನ್ನು ಕಿತ್ತುಕೊಂಡವಳ ಮೇಲೆ ಅವಳಿಗೆ ಸಿಟ್ಟು ಬಂದರೆ ತಪ್ಪೇನು ಎಂದುಕೊಂಡೆ. ಆದರೂ ಅವ್ವನ ಮನೆಯಿಂದ ಹೊರಬಿದ್ದ ಹಾಗೆ ಆಯಿತು.

ಮೂರನೆಯ ದಿನ ಬೇವಿನ ಗಿಡದ ಕೆಳಗೆ ಸಭೆ ಸೇರಿತು. ನಾನು ತಪ್ಪು ಮಾಡಿದ್ದೇನೆ ಎಂದು ನಾನೇ ಎದ್ದು ಹೇಳಿದೆ. ಮೇಲಿನ ಮನೆಗಳವರು ಹೌಹಾರಿದರು. ತಗ್ಗು ತೋಡಿಯಾಗಿದೆ, ಪೂಜೆಯಾಗಿದೆ, ಇನ್ನು ಸರಿಸುವ ಮಾತೇ ಬೇಡ ಎಂದರು. ಇಸ್ಮಾಯಿಲಸಾಬ, "ನನ್ನ ಸಲಿಕಿಗೂ ಒಂದ ಮಾತ ಕೇಳ್ರಿ" ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ. ಅವನ ಹೆಂಡತಿ ಜರೀನಾಬಿ ಮಾತ್ರ ಕೆಂಚವ್ವನ ರಟ್ಟೆ ಹಿಡಿದು ಮುಂದೆ ಕರೆತಂದು ಕೂಡಿಸಿದಳು.

ನಾನು ಒಂದು ಉದ್ದನೆಯ ಹಗ್ಗ ಹಾಸಿ, ಅರವತ್ತು ಗಂಟು ಹಾಕಿ, ಒಂದೊಂದು ಗಂಟು ಒಂದೊಂದು ಮನೆ ಎಂದೆ. ಮನೆಯಲ್ಲಿ ಎಷ್ಟು ಬಾಯಿ ಇದೆಯೋ ಅಷ್ಟು ಹುಣಸೆಬೀಜ ತಮ್ಮ ಗಂಟಿಗೆ ಇಡಬೇಕು. ಬಾಯಿಯ ಲೆಕ್ಕವನ್ನು ಎಲ್ಲರೆದುರು ಸುಳ್ಳು ಹೇಳಲಾಗುವುದಿಲ್ಲ, ಯಾರ ಮನೆಯಲ್ಲಿ ಎಷ್ಟು ಮಂದಿ ಎಂಬುದು ಊರಿಗೇ ಗೊತ್ತು. ಗೊಣಗುತ್ತಲೇ ಒಬ್ಬೊಬ್ಬರು ಬಂದು ಇಟ್ಟರು. ಕೆಂಚವ್ವ ತೆವಳಿಕೊಂಡು ಬಂದು ಐವತ್ತೆಂಟನೆಯ ಗಂಟಿಗೆ ಒಂದು ಬೀಜ ಇಟ್ಟಳು.

ಆಗ ಶಾರದವ್ವ ಎದ್ದಳು. ತನ್ನ ಗಂಟಿಗೆ ಆರು ಬೀಜ ಇಟ್ಟು, ಅಲ್ಲಿಗೇ ನಿಲ್ಲದೆ ಹಗ್ಗದ ಗುಂಟ ನಡೆದು ಕೆಂಚವ್ವನ ಮುಂದೆ ಬಂದು ನಿಂತಳು.

"ಯಾಕ ಬೇ ಕೆಂಚಿ, ನಾವೆಲ್ಲ ಸತ್ತಿದ್ವೇನ? ಮೂವತ್ತು ವರ್ಷ ಆತು ಇದ ಓಣ್ಯಾಗ ಇಬ್ರೂ ಬದುಕಾಕತ್ತು. ಎರಡು ತಂಬಿಗಿ ನೀರಾಗ ಜೀವ ಹಿಡದೀನಿ ಅಂತ ನನಗ ಒಂದ ಮಾತ ಹೇಳಾಕ ನಿನ್ನ ನಾಲಿಗಿ ಸೇದಿ ಹೋಗಿತ್ತೇನ?"

ಬೈಯುತ್ತ ಬೈಯುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ದಿನದ ಸಿಟ್ಟು ನನ್ನ ಮೇಲಿನದಲ್ಲ ಎಂದು ನನಗೆ ಆಗ ತಿಳಿಯಿತು. ಶಾರದವ್ವ ಬಾಗಿ, ಕೆಂಚವ್ವನ ಒಂಟಿ ಬೀಜದ ಬಾಜು ಮತ್ತೆರಡು ಬೀಜ ಇಟ್ಟಳು.

"ಇದು ಮೈಲಾರವ್ವಂದು. ಇದು ಕೂಸಿಂದು. ಬರ್ಕೋರಿ ಅಕ್ಕೋರ."

ಒಟ್ಟು ಮುನ್ನೂರ ಎಪ್ಪತ್ತನಾಲ್ಕು ಬೀಜ. ಎಣಿಸಿದರೆ ಅರ್ಧ ಬಿದ್ದದ್ದು ಮೂವತ್ತೆರಡನೆಯ ಗಂಟಿಗೆ. ಆ ಎರಡು ಬೀಜದಿಂದ ನಳ ಗೇಣುದ್ದವೂ ಸರಿಯಲಿಲ್ಲ, ಲೆಕ್ಕ ಕಲಿಸುವವಳಾಗಿ ಇದನ್ನು ನಾನು ಹೇಳಲೇಬೇಕು. ಆದರೆ ಚೇರಮನ್ನರ ಹೆಂಡತಿಯೇ ತನ್ನ ಬಾಗಿಲ ನಳವನ್ನು ಬಿಟ್ಟುಕೊಟ್ಟ ಮೇಲೆ ಮೇಲಿನ ಮನೆಗಳವರಿಗೆ ಆಡಲು ಮಾತು ಉಳಿಯಲಿಲ್ಲ. ಮೂವತ್ತೆರಡನೆಯ ಮನೆ ಬೇವಿನ ಗಿಡದಿಂದ ಎರಡೇ ಮನೆ ಕೆಳಗೆ. ಇಸ್ಮಾಯಿಲಸಾಬ ಸಲಿಕೆ ಹೆಗಲಿಗೇರಿಸಿ, "ಬೇವಿನ ಗಿಡ ಅಂತ ನಾ ಮೊದಲ ಹೇಳಿದ್ದೆ. ಎರಡು ಮನಿಗೆ ಇಷ್ಟ ಲೆಕ್ಕ ಬೇಕಿತ್ತೇನ್ರಿ ಅಕ್ಕೋರ?" ಎಂದ. ಈ ಸಲ ಎಲ್ಲರೂ ನಕ್ಕರು. ನಾನೂ ನಕ್ಕೆ.

ಆದರೆ ಮೂವತ್ತೆರಡರಿಂದ ಐವತ್ತೆಂಟಕ್ಕೆ ಇಪ್ಪತ್ತಾರು ಮನೆಯ ದಾರಿ. ಕೆಂಚವ್ವನ ಕಾಲಿಗೆ ಅದೂ ದೂರವೇ. ದಿನಕ್ಕೆ ಎಂಟು ಕೊಡ ಅವಳಿಂದ ಆಗುವುದಿಲ್ಲ. ನ್ಯಾಯವಾಗಿ ಇಟ್ಟ ನಳ ಕೂಡ ಅವಳ ಹೊಸ್ತಿಲಿಗೆ ಬರುವುದಿಲ್ಲವಲ್ಲ ಎಂದು ನಾನು ಸಪ್ಪಗೆ ನಿಂತಾಗ ಮರುದಿನದ ಪಾಠಕ್ಕೆ ಮಕ್ಕಳಿಗೆ ಹಾಕಬೇಕಿದ್ದ ಭಾಗಾಕಾರ ನೆನಪಾಯಿತು. ಮುದುಕರೇ ಇರುವ ಮೂರು ಮನೆ, ಕೆಂಚವ್ವನದೊಂದು, ಇಷ್ಟು ಬಿಟ್ಟರೆ ಐವತ್ತಾರು ಮನೆ. ದಿನಕ್ಕೆ ಎಂಟು ಕೊಡ. ಐವತ್ತಾರನ್ನು ಎಂಟರಿಂದ ಭಾಗಿಸಿದರೆ ಏಳು, ಶೇಷವಿಲ್ಲ.

"ಒಬ್ಬೊಬ್ಬರಿಗೆ ವಾರಕ್ಕ ಒಂದ ಕೊಡ ಬರತದ" ಎಂದೆ. "ವಾರಕ್ಕ ಒಂದು. ಅಷ್ಟ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಟು ಕೊಡ ಎಂದಾಗ ಬೆಟ್ಟದಂತೆ ಕಂಡದ್ದು ವಾರಕ್ಕೊಂದು ಎಂದಾಗ ಯಾರಿಗೂ ಭಾರವೆನಿಸಲಿಲ್ಲ. ಆರನೆಯ ಮನೆಯ ಇಪ್ಪತ್ಮೂರು ಗೀಟಿನಾಕೆಯೇ ಮೊದಲು, "ನನ್ನ ಪಾಳಿ ಸೋಮವಾರ ಬರೀರಿ" ಎಂದಳು.

ನಾನು ಕಾರ್ಡು ಬರೆದೆ. ಕೆಂಚವ್ವ ಹೇಳಿದ್ದನ್ನಲ್ಲ. ದಸರೆಗೆ ಕುಬಸ ಇಟ್ಟುಕೊಂಡಿದ್ದೇವೆ, ಕರೆಯಲು ಬರುತ್ತಾರೆ, ತಯಾರಾಗಿರು ಎಂದು ಬರೆದು ಓದಿ ಹೇಳಿದೆ. ಅವಳು ಆ ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡಳು.

ದಸರೆಯ ವಾರದಲ್ಲಿ ನಳಕ್ಕೆ ನೀರು ಬಂತು, ಅದೇ ವಾರ ಮೈಲಾರವ್ವ ತವರಿಗೆ ಬಂದಳು. ಎಳ್ಳಮವಾಸ್ಯೆಯಾಗಿ ನಾಲ್ಕು ದಿನಕ್ಕೆ ಹೆಣ್ಣು ಕೂಸು ಹುಟ್ಟಿತು. ಪಾಳಿಯ ಹೆಂಗಸರು ಬಂದು ಕೊಡ ಇಳಿಸಿದ ಮೇಲೆ ಕೆಂಚವ್ವನ ಬಾಗಿಲ ಬಾಜು ಒಂದೊಂದು ಗೀಟು ಎಳೆದು ಹೋಗುತ್ತಿದ್ದರು. ಮೊದಲ ಗೀಟು ಎಳೆದವಳು ಶಾರದವ್ವ. "ಅಕ್ಕೋರ ವಹ್ಯಾಗ ಈ ಮನಿ ಹೆಸರಿಗೆ ಸೊನ್ನಿ ಇರಬಾರದು" ಎಂದಳಂತೆ.

ಕೂಸಿನ ಐದನೆಯ ದಿನ ನಾನು ನೋಡಲು ಹೋದೆ. ಬಚ್ಚಲಿನಿಂದ ಹೊಗೆಯೂ ಉಗಿಯೂ ಕೂಡಿಯೇ ಬರುತ್ತಿತ್ತು. ಮೈಲಾರವ್ವ ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಸಿನ ಮೇಲೆ ಮಲಗಿದ್ದಳು. ಜರೀನಾಬಿ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಎರೆಯುತ್ತಿದ್ದಳು. ಕೆಂಚವ್ವ ಮಾತ್ರ ಕಾಣಲಿಲ್ಲ. ಕೇಳಿದರೆ, ಎಲ್ಲಿಗೆ ಹೋದಳೋ, ಹೇಳದೆ ಹೋಗಿದ್ದಾಳೆ ಎಂದರು.

ಹೊರಗೆ ಬಂದು ನೋಡಿದೆ. ಓಣಿಯಲ್ಲಿ ಅವಳು ಬರುತ್ತಿದ್ದಳು. ಸೊಂಟದಲ್ಲಿ ಒಂದು ಕೊಡ. ಹತ್ತು ಹೆಜ್ಜೆಗೊಮ್ಮೆ ಯಾರದೋ ಕಟ್ಟೆಗೆ ಆನಿಕೊಂಡು ನಿಂತು, ಮತ್ತೆ ನಡೆಯುತ್ತಿದ್ದಳು. ಕಟ್ಟೆಯ ಮೇಲಿನವರು ಕೈಚಾಚಿದರೆ ಕೊಡುತ್ತಿರಲಿಲ್ಲ. ನಾನು ಓಡಿದೆ. ನನಗೂ ಕೊಡಲಿಲ್ಲ.

"ಮೊಮ್ಮಗಳಿಗೆ ಅಜ್ಜಿ ನೀರು ಬ್ಯಾಡೇನ್ರಿ?" ಎಂದಳು. ಮುಖವೆಲ್ಲ ಬೆವರು, ಮುಖವೆಲ್ಲ ನಗೆ. ಎಣಿಕೆಯ ಆ ಗುರುವಾರ ನಾನು ಸರಿಯಾಗಿ ನೋಡದೆ ಹೋದ ನಗೆಯನ್ನು ಈಗ ನಿಂತು ನೋಡಿದೆ.

ಕೊಡ ಒಳಗೆ ಇಳಿಸಿ, ಗೋಡೆ ಹಿಡಿದು ಹೊರಗೆ ಬಂದು, ಸುಣ್ಣದ ಚಿಪ್ಪಿನಲ್ಲಿ ಬೆರಳು ಅದ್ದಿದಳು. ಉಳಿದವರ ಉದ್ದನೆಯ ಗೀಟುಗಳ ಕೊನೆಗೆ ಒಂದು ಗೀಟು ಎಳೆದಳು. ಅದು ಉಳಿದವುಗಳ ಅರ್ಧದಷ್ಟೇ ಇತ್ತು.

"ಯಾಕ ಬೇ, ಇದ್ಯಾಕ ಸಣ್ಣದು?"

"ಕೊಡದಾಗ ಅರ್ಧ ನೀರು ಐತ್ರಿ. ತುಂಬಿದ್ದು ಹೊರಾಕ ಆಗ್ಲಿಲ್ಲ." ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಅರ್ಧಕ್ಕ ಪೂರಾ ಗೀಟು ಎಳದ್ರ ನಿಮ್ಮ ಲೆಕ್ಕ ತಪ್ಪತದಲ್ರಿ ಅಕ್ಕೋರ."

ನಾನು ವಹಿ ತೆಗೆದು, ಅವಳ ಹೆಸರಿನ ಮುಂದಿನ ಸೊನ್ನೆಯನ್ನು ಹೊಡೆದು, ಅರ್ಧ ಎಂದು ಬರೆದೆ. ಒಳಗೆ ಜರೀನಾಬಿ ಆ ನೀರನ್ನು ಹಂಡೆಗೆ ಸುರಿದಳು, ಕೂಸು ಅಳತೊಡಗಿತು.